ಡೈವೋರ್ಸ್ ಕೇಸಿನಲ್ಲಿ ಕಕ್ಷಿದಾರರ ಮನಸ್ಸು ನೋಡಿಕೊಳ್ಳುವುದು ಹೇಗೆ: ಕಿರಿಯ ವಕೀಲರಿಗೆ

"ಮೇಡಂ, ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಕೇಸಿಗೆ ಪೆಟ್ಟು ಬೀಳುತ್ತಾ?"

ದಾವಣಗೆರೆಯಲ್ಲಿ ಸಂಸಾರದ ಕೇಸುಗಳನ್ನೇ ಜಾಸ್ತಿ ನಡೆಸುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಕೇಳುವವರು ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ಊಟ ಆಯ್ತಾ ಅಂದರೆ ಮಂಡಕ್ಕಿ ತಿಂದು ಟೀ ಕುಡಿದೆ ಅನ್ನುತ್ತಾರೆ. ಆದರೂ ಆಸ್ಪತ್ರೆಗೆ ಹೋಗುವುದಿಲ್ಲ. ಹೋದರೆ ಎದುರಿನವರು "ಇವಳಿಗೆ ತಲೆ ಸರಿ ಇಲ್ಲ" ಅಂತ ಕೋರ್ಟಿನಲ್ಲಿ ಹೇಳುತ್ತಾರೆ, ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಹೆದರಿಕೆ. ಇದು ಕಾನೂನಿನ ಹೆದರಿಕೆ. ತಾಯಿ ಸಮಾಧಾನ ಹೇಳಿದರೆ ಹೋಗುವುದಿಲ್ಲ, ಡಾಕ್ಟರು ಹೇಳಿದರೂ ಹೋಗುವುದಿಲ್ಲ. ವಕೀಲರು ಹೇಳಿದರೆ ಮಾತ್ರ ಹೋಗುತ್ತದೆ. ಹಾಗಾಗಿ ಮೊದಲು ಇದನ್ನೇ ಕಲಿಯಿರಿ.

ಹೇಳಬೇಕಾದ ಕಾನೂನು ಇಷ್ಟು

ಹಿಂದೂ ವಿವಾಹ ಕಾಯ್ದೆ 1955ರ ಕಲಂ 13(1)(iii)ರಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಕಾರಣ ಅಂತ ಇರುವುದು ನಿಜ. ಆದರೆ ಕಾಯಿಲೆ ಇದೆ ಅಂದ ಮಾತ್ರಕ್ಕೆ ಆಗಲಿಲ್ಲ. ಒಟ್ಟಿಗೆ ಬಾಳಲು ಆಗದೇ ಇರುವಷ್ಟು ತೀವ್ರವಾಗಿದೆ ಅಂತ ಅರ್ಜಿ ಹಾಕಿದವರು ತೋರಿಸಬೇಕು. 1988ರಲ್ಲಿ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಅಲ್ಲಿದ್ದದ್ದು ಸ್ಕಿಜೋಫ್ರೇನಿಯಾ ಆರೋಪ. ಅಂಥ ಕಾಯಿಲೆಯ ಹೆಸರು ಹೇಳಿದರೇ ಸಾಲದು ಅಂದಮೇಲೆ, ನಿದ್ದೆಗೆ, ಆತಂಕಕ್ಕೆ ಮಾತ್ರೆ ತೆಗೆದುಕೊಂಡವರು ಯಾಕೆ ಹೆದರಬೇಕು?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಇನ್ನೂ ಹತ್ತಿರಕ್ಕೆ ಬರುತ್ತದೆ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಅವರ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ತಿಳಿಯಬಾರದು ಅಂತ ಅದರ 3ನೇ ಕಲಂ ಹೇಳುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿಡುವುದು 23ನೇ ಕಲಂ ಪ್ರಕಾರ ರೋಗಿಯ ಹಕ್ಕು. ಕೋರ್ಟಿನಲ್ಲಿ ಒಬ್ಬರು ಮಾನಸಿಕ ಕಾಯಿಲೆಯ ದಾಖಲೆ ಹಾಜರು ಮಾಡಿ, ಇನ್ನೊಬ್ಬರು ಅದನ್ನು ಅಲ್ಲಗಳೆದರೆ, ಕೋರ್ಟು ಅದನ್ನು ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ ಕಳಿಸಬೇಕು ಅಂತ 105ನೇ ಕಲಂ ಇದೆ.

ಹಾಗಂತ "ಯಾರಿಗೂ ಯಾವತ್ತೂ ಗೊತ್ತಾಗಲ್ಲ" ಅಂತ ಮಾತು ಕೊಡಬೇಡಿ. ತಕ್ಕ ಆಧಾರ ಇದ್ದರೆ ವೈದ್ಯಕೀಯ ಪರೀಕ್ಷೆಗೆ ಆದೇಶ ಮಾಡುವ ಅಧಿಕಾರ ಕೋರ್ಟಿಗಿದೆ, 2003ರ ಶಾರದಾ ವಿರುದ್ಧ ಧರ್ಮಪಾಲ್ ತೀರ್ಪು ನೋಡಿ. ನಾನು ಕಕ್ಷಿದಾರರಿಗೆ ಹೇಳುವುದು ಹೀಗೆ: "ನೋಡಮ್ಮ, ನಾಳೆ ಅವರು ಇದನ್ನು ಎತ್ತಿದರೂ ಉತ್ತರ ಕೊಡೋಕೆ ನಾನಿದ್ದೀನಿ. ಕಷ್ಟ ಬಂತು, ಡಾಕ್ಟರಿಗೆ ತೋರಿಸಿಕೊಂಡರು, ಮಗೂನ ಚೆನ್ನಾಗಿ ನೋಡಿಕೊಂಡರು ಅಂತ ವಾದ ಮಾಡೋದು ಸುಲಭ. ನಿದ್ದೆಗೆಟ್ಟು, ಸಿಟ್ಟಲ್ಲಿ ನೀನು ಏನಾದರೂ ಮಾಡಿಕೊಂಡರೆ ಅದಕ್ಕೆ ಉತ್ತರ ಕೊಡೋದು ಕಷ್ಟ." ಈ ಮಾತು ಕೇಳಿದ ಮೇಲೆ ಡಾಕ್ಟರ ಹತ್ತಿರ ಹೋದವರನ್ನು ನೋಡಿದ್ದೇನೆ.

ಇದೇ ಮಾತು ನಮ್ಮ ಡ್ರಾಫ್ಟಿಗೂ ಅನ್ವಯಿಸುತ್ತದೆ. ನಮ್ಮ ಕಕ್ಷಿದಾರ ಬಂದು "ಅವಳು ಹುಚ್ಚಿ ಅಂತ ಬರೀರಿ ಸಾರ್" ಅಂದಾಗ ಸುಮ್ನೆ ಬರೆದುಕೊಡಬೇಡಿ. ವೈದ್ಯರ ಕಾಗದ ಕೇಳಿ. ಇಲ್ಲದಿದ್ದರೆ ಬರೆಯಬೇಡಿ. ಜಗಳೂರಿನ ಹೋಬಳಿ ಊರೊಂದರಲ್ಲಿ ಒಬ್ಬ ಹೆಣ್ಣುಮಗಳ ಬಗ್ಗೆ ಅರ್ಜಿಯಲ್ಲಿ ಬರೆದ ಒಂದು ಸಾಲು ಊರೆಲ್ಲ ತಿರುಗುತ್ತದೆ. ಕೇಸು ಮುಗಿದರೂ ಆ ಸಾಲು ಮುಗಿಯುವುದಿಲ್ಲ. ಆಕೆಯ ತಂಗಿಗೆ ಗಂಡು ನೋಡುವಾಗಲೂ ಅದು ಬಂದು ನಿಲ್ಲುತ್ತದೆ.

ಮೊದಲ ದಿನ

ನಮ್ಮ ಕಡೆ ಡೈವೋರ್ಸಿಗೆ ಯಾರೂ ಒಬ್ಬರೇ ಬರುವುದಿಲ್ಲ. ಅಪ್ಪ, ಅಣ್ಣ, ಸೋದರಮಾವ, ಪಂಚಾಯ್ತಿ ಮಾಡಿದ ಹಿರಿಯರು, ಎಲ್ಲರೂ ಒಂದು ಗಾಡಿಯಲ್ಲಿ ಬರುತ್ತಾರೆ. ಎಲ್ಲರೂ ಮಾತಾಡುತ್ತಾರೆ, ಕೇಸು ಯಾರದ್ದೋ ಅವರೊಬ್ಬರನ್ನು ಬಿಟ್ಟು. ಹಿರಿಯರ ಮಾತು ಕೇಳಿ, ಮರ್ಯಾದೆ ಕೊಡಿ. ಆಮೇಲೆ, "ಯಜಮಾನ್ರೇ, ಸಹಿ ಇವರದ್ದು. ಕೋರ್ಟಿನಲ್ಲಿ ನಿಲ್ಲೋದೂ ಇವರೇ. ಸ್ವಲ್ಪ ಹೊತ್ತು ಒಬ್ಬರ ಹತ್ತಿರವೇ ಮಾತಾಡಬೇಕು" ಅಂತ ಹೇಳಿ ಹೊರಗೆ ಕೂರಿಸಿ, ಟೀ ತರಿಸಿಕೊಡಿ. ಬೇಜಾರಾಗುವವರು ಕಡಿಮೆ. ಹೆಣ್ಣುಮಗಳಾದರೆ ನಮ್ಮ ಆಫೀಸಿನಲ್ಲಿ ಒಬ್ಬ ಹೆಣ್ಣು ಜೂನಿಯರ್ ಜೊತೆಯಲ್ಲಿರುತ್ತಾಳೆ.

ಒಬ್ಬರೇ ಕೂತಾಗ ಮೊದಲು ದಿನಾಂಕ ಕೇಳಬೇಡಿ. ಅರ್ಜಿಗೆ ದಿನಾಂಕ ಬೇಕು, ನನಗೂ ಗೊತ್ತು. ಮದುವೆ ಯಾವತ್ತು, ಹೊಡೆದದ್ದು ಯಾವತ್ತು, ಮನೆ ಬಿಟ್ಟದ್ದು ಯಾವತ್ತು. ಆದರೆ ನೊಂದವರಿಗೆ ಘಟನೆಗಳು ಸಾಲಾಗಿ ನೆನಪಿಗೆ ಬರುವುದಿಲ್ಲ. ಸೀಮಂತದ ದಿನದ ಮಾತು ಹೇಳುತ್ತಾ ಹೋದ ವಾರದ ಫೋನಿಗೆ ಬಂದುಬಿಡುತ್ತಾರೆ. ಅದನ್ನು ಸುಳ್ಳು ಅಂದುಕೊಳ್ಳಬೇಡಿ, ನಡುವೆ ತಡೆಯಬೇಡಿ. ಅವತ್ತು ಕೇಳಿಸಿಕೊಳ್ಳಿ. ಎರಡನೇ ಸಲ ಬರುವಾಗ ಲಗ್ನಪತ್ರಿಕೆ, ಫೋಟೊ, ಆಸ್ಪತ್ರೆ ಚೀಟಿ, ಬ್ಯಾಂಕ್ ಪಾಸ್‌ಬುಕ್ ತರಲು ಹೇಳಿ. ಕಾಗದ ಮುಂದಿಟ್ಟುಕೊಂಡರೆ ದಿನಾಂಕ ತಾನಾಗಿ ಬರುತ್ತದೆ, ಅಳುವೂ ಕಡಿಮೆ.

ಅತ್ತರೆ ಅಳಲಿ. ನೀರು ಕೊಡಿ. "ಅಳಬೇಡಿ, ಧೈರ್ಯ ತಗೊಳ್ಳಿ" ಅನ್ನುವ ಅವಸರ ಬೇಡ. "ಹೊಂದಿಕೊಂಡು ಹೋಗಬಹುದಿತ್ತಲ್ವಾ" ಅನ್ನುವ ಮಾತಂತೂ ನಮ್ಮ ಬಾಯಿಂದ ಬರಲೇಬಾರದು. ಅದನ್ನು ಅವರು ತವರಿನಲ್ಲಿ, ಅತ್ತೆ ಮನೆಯಲ್ಲಿ, ಪಂಚಾಯ್ತಿಯಲ್ಲಿ ಕೇಳಿ ಕೇಳಿ ಸಾಕಾಗಿ ನಮ್ಮ ಬಾಗಿಲಿಗೆ ಬಂದಿರುತ್ತಾರೆ.

ಏನು ಕೇಳಬೇಕು

"ನಿಮಗೆ ಖಿನ್ನತೆ ಇದೆಯಾ?" ಅಂದರೆ ಇಲ್ಲ ಅನ್ನುತ್ತಾರೆ. ದಿನಚರಿ ಕೇಳಿ. ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀರಿ, ನಡುರಾತ್ರಿ ಎಚ್ಚರ ಆಗುತ್ತಾ, ಊಟ ಸೇರುತ್ತಾ, ಯಾರ ಹತ್ತಿರ ಮಾತಾಡ್ತೀರಿ. ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸದಲ್ಲಿ ಈಗ ಮನಸ್ಸು ನಿಲ್ಲುತ್ತಾ? ನಮ್ಮ ಭಾಗದ ಹೆಂಗಸರು ಮನಸ್ಸಿನ ನೋವನ್ನು ಮೈ ನೋವಾಗಿ ಹೇಳುವುದು ಜಾಸ್ತಿ. ತಲೆ ಸಿಡಿಯುತ್ತೆ, ಎದೆ ಡವಡವ ಅನ್ನುತ್ತೆ, ಕೈಕಾಲು ಜೋಮು. ಗ್ಯಾಸ್ ಮಾತ್ರೆ ನುಂಗುತ್ತಿರುತ್ತಾರೆ.

ಗಂಡಸರು ಅದನ್ನೂ ಹೇಳುವುದಿಲ್ಲ. ಅವರಲ್ಲಿ ಬೇರೆ ಲಕ್ಷಣ ನೋಡಬೇಕು. ಅಂಗಡಿ ಬಾಗಿಲು ತೆಗೆಯುವುದು ತಡವಾಗುತ್ತದೆ. ಕುಡಿತ ಜಾಸ್ತಿಯಾಗುತ್ತದೆ. ಫೋನು ಎತ್ತುವುದಿಲ್ಲ, ಇಲ್ಲವೇ ರಾತ್ರಿ ಹತ್ತಾರು ಸಲ ಮಾಡುತ್ತಾರೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನನ್ನ ಹತ್ತಿರ ಕೇಸಿನ ಬಗ್ಗೆ ಒಂದು ಮಾತೂ ಕೇಳದೆ, ಬರೀ "ಆಗಲಿ ಮೇಡಂ, ಏನಾದರೂ ಆಗಲಿ" ಅನ್ನುತ್ತಿದ್ದರು. ಜೀವನಾಂಶದ ಮೊತ್ತಕ್ಕೂ ಅದೇ, ಮಗನನ್ನು ನೋಡುವ ದಿನಕ್ಕೂ ಅದೇ. ಒಪ್ಪಿಗೆ ಅಂತ ಅದನ್ನು ಬರೆದುಕೊಂಡು ಮುಂದೆ ಹೋಗಬಾರದು. ಯಾವುದೂ ಬೇಡ ಅನ್ನಿಸಿದ ಮನುಷ್ಯನ ಮಾತು ಅದು. ಅಂಥವರಿಂದ ರಾಜಿ ಪತ್ರಕ್ಕೆ ಸಹಿ ಹಾಕಿಸಬೇಡಿ, ಕಾಯಿರಿ. ಅವರನ್ನು ಮೊದಲು ಡಾಕ್ಟರಿಗೆ ತೋರಿಸಲು ಅವರ ಅಕ್ಕನಿಗೆ ಹೇಳಿದೆವು. ಕೆಲವು ವಾಯಿದೆ ಕಳೆದ ಮೇಲೆ ಅವರೇ ಬಂದು "ಮಗನನ್ನು ತಿಂಗಳಿಗೆ ಎರಡು ಸಲವಾದರೂ ನೋಡಬೇಕು" ಅಂದರು.

ಬೇಸರ, ನಿರಾಸಕ್ತಿ, ನಿದ್ದೆಗೇಡು ಎರಡು ವಾರಕ್ಕಿಂತ ಜಾಸ್ತಿ ದಿನವೂ ಇದ್ದರೆ ವೈದ್ಯರಿಗೆ ತೋರಿಸಲು ಹೇಳಿ. ಯಾವ ಕಾಯಿಲೆ ಅಂತ ನಾವು ಹೆಸರಿಡುವುದು ಬೇಡ. ಅದು ನಮ್ಮ ಕೆಲಸವಲ್ಲ.

ಸಾಯುವ ಮಾತು ಬಂದಾಗ

ಇದನ್ನು ನಿಧಾನವಾಗಿ ಓದಿ.

"ನಾನು ಇದ್ದು ಏನು ಪ್ರಯೋಜನ", "ನನ್ನಿಂದ ಎಲ್ಲರಿಗೂ ಭಾರ", "ಈ ವಾಯಿದೆ ಒಂದು ಮುಗಿಯಲಿ, ಆಮೇಲೆ ನಾನೇ ಇರಲ್ಲ". ಇಂಥ ಮಾತು ಬಂದರೆ ಕೇಳದ ಹಾಗೆ ಇರಬೇಡಿ. ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಎಷ್ಟೋ ಜನಕ್ಕೆ ಹಗುರವಾಗುತ್ತದೆ. ಆಣೆ ಹಾಕಿಸಿಕೊಳ್ಳಬೇಡಿ, "ಮಕ್ಕಳ ಮುಖ ನೋಡಿಯಾದರೂ" ಅಂತ ಪಾಪದ ಭಾರ ಹೊರಿಸಬೇಡಿ.

ಹೌದು ಅಂದರೆ ಅವತ್ತು ಅವರನ್ನು ಒಬ್ಬರೇ ಬಸ್ಸು ಹತ್ತಿಸಬಾರದು. ಬೇರೆ ಕೆಲಸ ನಿಲ್ಲಿಸಿ. "ಇದನ್ನು ಒಬ್ಬರಿಗೆ ಹೇಳಲೇಬೇಕು, ಯಾರಿಗೆ ಹೇಳಲಿ?" ಅಂತ ಅವರನ್ನೇ ಕೇಳಿ. ಕಕ್ಷಿದಾರರು ಹೇಳಿದ್ದನ್ನು ಕಾಯುವುದು ನಮ್ಮ ಕರ್ತವ್ಯ. ಹಿಂದೆ ಸಾಕ್ಷ್ಯ ಕಾಯ್ದೆಯ 126, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132. ಆದರೆ ಜೀವ ಹೋಗುವ ಸಂದರ್ಭದಲ್ಲಿ ನಾನು ಅವರಿಗೆ ತಿಳಿಸಿಯೇ ಮನೆಯವರಿಗೆ ಹೇಳುತ್ತೇನೆ. ಕೇಸಿನ ವಿಷಯ ಬಾಯಿ ಬಿಡುವುದಿಲ್ಲ, "ಇವತ್ತು ಒಬ್ಬರೇ ಬಿಡಬೇಡಿ" ಅನ್ನುವುದಷ್ಟೇ. ಅವರು ಹೇಳಿದ ವ್ಯಕ್ತಿ ಬಂದು ಕರೆದುಕೊಂಡು ಹೋಗುವ ತನಕ ಜೊತೆಗಿರಿ.

ನಮ್ಮದು ಮೆಕ್ಕೆಜೋಳ, ಭತ್ತ, ಅಡಿಕೆಯ ಜಿಲ್ಲೆ. ಬೆಳೆಗೆ ಹೊಡೆಯುವ ಔಷಧಿ ಎಷ್ಟೋ ಮನೆಗಳಲ್ಲಿ ಕೈಗೆ ಸಿಗುವ ಹಾಗೆ ಇರುತ್ತದೆ. ಕರೆದುಕೊಂಡು ಹೋಗಲು ಬಂದವರಿಗೆ ಇದನ್ನು ಬಿಡಿಸಿ ಹೇಳಿ: ಅದನ್ನು ಇವತ್ತೇ ಮನೆಯಿಂದ ತೆಗೆಯಿರಿ, ಇಲ್ಲವೇ ಬೀಗ ಹಾಕಿ ಕೀಲಿ ನೀವೇ ಇಟ್ಟುಕೊಳ್ಳಿ. ಮನೆಯಲ್ಲಿರುವ ಮಾತ್ರೆಗಳನ್ನೂ ಅಷ್ಟೇ. ಸಾಯುವ ಯೋಚನೆ ತೀವ್ರವಾಗಿರುವ ಹೊತ್ತು ಎಷ್ಟೋ ಸಲ ಬೇಗ ದಾಟಿ ಹೋಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಅವರೆದುರೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ ಮಾತಾಡಿಸಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ. ವಿಷ ಏನಾದರೂ ಕುಡಿದಿದ್ದರೆ, ಗಾಯ ಮಾಡಿಕೊಂಡಿದ್ದರೆ ಅದೆಲ್ಲ ಆಮೇಲೆ. ಮೊದಲು 108, ಇಲ್ಲವೇ 112. ಇಲ್ಲಿ ಪೊಲೀಸ್ ಕೇಸಾಗುತ್ತೆ ಅಂತ ಹೆದರಿ ತಡ ಮಾಡುವ ಮನೆಯವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವ ಹಾಗಿಲ್ಲ. ಇದನ್ನು ನಾವು ಊರಿನವರಿಗೆ ಮೊದಲೇ ಹೇಳಿಟ್ಟಿರಬೇಕು.

ಎಲ್ಲ ಹೆದರಿಕೆಯೂ ಕಾಯಿಲೆಯಲ್ಲ

ಒಬ್ಬ ಹೆಣ್ಣುಮಗಳು ನಡುಗುತ್ತಾ ಕೂತಿದ್ದರೆ ಕೌನ್ಸೆಲಿಂಗಿಗೆ ಕಳಿಸುವ ಮೊದಲು ಮನೆಯಲ್ಲಿ ಹೊಡೆತ ಇದೆಯಾ ಕೇಳಿ. ಇದ್ದರೆ ಆಕೆಗೆ ಮೊದಲು ಬೇಕಾದ್ದು ರಕ್ಷಣೆ. ಕೌಟುಂಬಿಕ ದೌರ್ಜನ್ಯ ಕಾಯ್ದೆ 2005ರ ಕಲಂ 12ರ ಅರ್ಜಿ, ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ, ಮಹಿಳಾ ಸಹಾಯವಾಣಿ 181, ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಒನ್ ಸ್ಟಾಪ್ ಸೆಂಟರ್. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಇಲ್ಲ, ಸಹಾಯವಾಣಿ 15100.

ಫೋನಿನ ವಿಷಯದಲ್ಲಿ ಎಚ್ಚರ. ಇನ್ನೂ ಗಂಡನ ಮನೆಯಲ್ಲೇ ಇರುವವರಿಗೆ ವಾಟ್ಸಾಪ್‌ನಲ್ಲಿ "ನಿಮ್ಮ ಡೈವೋರ್ಸ್ ಅರ್ಜಿ ರೆಡಿ" ಅಂತ ಕಳಿಸಿದರೆ ಅವತ್ತು ರಾತ್ರಿ ಏನಾಗುತ್ತದೋ ನಮಗೆ ಗೊತ್ತಾಗುವುದಿಲ್ಲ. ಯಾವ ಹೊತ್ತಿಗೆ ಮಾಡಲಿ, ಬೇರೆಯವರು ಎತ್ತಿದರೆ ಯಾರು ಅಂತ ಹೇಳಲಿ, ಇಷ್ಟನ್ನು ಮೊದಲ ದಿನವೇ ಕೇಳಿ ಫೈಲಿನ ಮೇಲೆ ಬರೆದಿಡಿ. ಗುಮಾಸ್ತರಿಗೂ ಹೇಳಿ.

ಕೋರ್ಟಿನ ದಿನಗಳು

ಜನರನ್ನು ಕುಗ್ಗಿಸುವುದು ಮುಂದೇನು ಅಂತ ಗೊತ್ತಿಲ್ಲದಿರುವುದು. ತೀರ್ಪಿಗಿಂತ ಕಾಯುವುದು ಕಷ್ಟ. ಆದ್ದರಿಂದ ದಾರಿ ಮೊದಲೇ ಹೇಳಿಬಿಡಿ. ಪರಸ್ಪರ ಒಪ್ಪಿಗೆಯದ್ದಾದರೆ ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ: ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ಮೇಲೆ, ತಕ್ಕ ಕಾರಣ ಇದ್ದರೆ ಆ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು. "ಬಹುದು" ಅಂತಲೇ ಹೇಳಿ, "ಆಗುತ್ತೆ" ಅನ್ನಬೇಡಿ. ಇನ್ನೊಂದು ಮಾತನ್ನು ಹೇಳದೆ ಬಿಡಬಾರದು. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಗುವ ತನಕ ಎದುರಿನವರು ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. 1991ರಲ್ಲಿ ಸುರೇಷ್ತಾ ದೇವಿ ಪ್ರಕರಣದಲ್ಲಿ ಹೀಗೇ ತೀರ್ಮಾನವಾಗಿದೆ. ಇದು ಗೊತ್ತಿಲ್ಲದೆ "ಮುಂದಿನ ಡೇಟಿಗೆ ಎಲ್ಲ ಮುಗೀತು" ಅಂದುಕೊಂಡು ಬಂದವರು ಅವತ್ತು ಕುಸಿದು ಕೂರುತ್ತಾರೆ.

ಕೌಟುಂಬಿಕ ನ್ಯಾಯಾಲಯದಲ್ಲಿ ರಾಜಿಗೆ ಪ್ರಯತ್ನಿಸುವುದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ಪ್ರಕಾರ ಕೋರ್ಟಿನ ಕರ್ತವ್ಯ. ಆಪ್ತಸಮಾಲೋಚಕರ ಮುಂದೆ ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರೇ ಕೂರುತ್ತಾರೆ, ನಾವು ಪಕ್ಕದಲ್ಲಿ ಇರುವುದಿಲ್ಲ. ಕಕ್ಷಿದಾರರಿಗೆ ಇದನ್ನು ಮುಂಚೆ ಹೇಳದಿದ್ದರೆ "ಕೋರ್ಟೂ ನನ್ನನ್ನು ವಾಪಸ್ ಕಳಿಸೋಕೆ ನೋಡ್ತಿದೆ" ಅಂದುಕೊಳ್ಳುತ್ತಾರೆ. ಇದು ಎಲ್ಲರಿಗೂ ಮಾಡುವ ಕ್ರಮ, ಬೇಡ ಅಂದರೆ ಬೇಡ ಅನ್ನಬಹುದು, ಹೆದರಿಕೆ ಇದ್ದರೆ ಬೇರೆ ಬೇರೆ ಕೂರಿಸಿ ಅಂತ ಕೇಳಬಹುದು ಅಂತ ಹೇಳಿ ಕಳಿಸಿ. ಮರ್ಯಾದೆಯ ಹೆದರಿಕೆ ಇರುವವರಿಗೆ, ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಲು ಕೇಳಬಹುದು ಅನ್ನುವುದೂ ಗೊತ್ತಿರಲಿ.

ಪಾಟೀ ಸವಾಲಿನ ಹಿಂದಿನ ದಿನ ಕರೆಸಿ, ಬರಬಹುದಾದ ಕೆಟ್ಟ ಪ್ರಶ್ನೆಯನ್ನು ನೀವೇ ಕೇಳಿ. ಚಾರಿತ್ರ್ಯದ ಮೇಲೆ ಕೇಳುತ್ತಾರೆ, ಅದನ್ನು ಮೊದಲು ನಮ್ಮ ಬಾಯಲ್ಲಿ ಕೇಳಲಿ. ಅವತ್ತು ಬೆಳಿಗ್ಗೆ ತಿಂಡಿ ತಿಂದು ಬರಲು ಹೇಳಿ. ಮುಗಿದ ಮೇಲೆ ಐದು ನಿಮಿಷವಾದರೂ ಕೂತು ಮಾತಾಡಿ, ಮುಂದಿನ ಕೇಸಿಗೆ ಓಡಬೇಡಿ. ಬರಲೇಬೇಕಾದ ಅಗತ್ಯ ಇಲ್ಲದ ವಾಯಿದೆಗೆ ನ್ಯಾಮತಿಯಿಂದಲೋ ಜಗಳೂರಿಂದಲೋ ಸುಮ್ನೆ ಕರೆಸಬೇಡಿ. ಕೂಲಿಯೂ ಹೋಗುತ್ತದೆ, ಕಾರಿಡಾರಿನಲ್ಲಿ ಎದುರಿನವರ ಮುಖ ನೋಡಿ ಹೊಟ್ಟೆಯೂ ಉರಿಯುತ್ತದೆ. ಆಸ್ತಿ ಮತ್ತು ಸಾಲದ ಅಫಿಡವಿಟ್, 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸುಗಳಲ್ಲಿ ಕಡ್ಡಾಯವಾದದ್ದು, ಉದ್ದ ಇದೆ. ಪೂರ್ತಿ ಪಟ್ಟಿ ಕೈಗೆ ಕೊಟ್ಟರೆ ಕಂಗಾಲಾಗುತ್ತಾರೆ. ಒಂದು ಸಲಕ್ಕೆ ಎರಡು ಮೂರು ಕಾಗದ ಕೇಳಿ.

ಡೈರಿಯಲ್ಲಿ ಹಬ್ಬಗಳನ್ನೂ ಗುರುತು ಮಾಡಿಕೊಳ್ಳಿ. ಪಂಚಮಿ, ಗೌರಿ ಹಬ್ಬ, ಮದುವೆ ಸೀಸನ್. ಉಳಿದ ಹೆಣ್ಣುಮಕ್ಕಳೆಲ್ಲ ಹಬ್ಬಕ್ಕೆ ತವರಿಗೆ ಬರುವಾಗ, ವರ್ಷದಿಂದ ತವರಿನಲ್ಲೇ ಉಳಿದವಳಿಗೆ ಆ ದಿನ ಬಹಳ ಕಷ್ಟ. ಆರತಿಗೆ ಕರೆಯುವುದಿಲ್ಲ. ಆ ವಾರ ಒಂದು ಫೋನ್ ಮಾಡಿ. ನೋಟಿಸು, ಕೆಟ್ಟ ಸುದ್ದಿ ಏನಾದರೂ ಇದ್ದರೆ ಆ ದಿನ ತಿಳಿಸಬೇಡಿ.

ಮಕ್ಕಳ ಬಗ್ಗೆ ಒಂದೇ ಮಾತು. ಅಪ್ಪನಿಗೆ ಅಮ್ಮನ ಸುದ್ದಿ, ಅಮ್ಮನಿಗೆ ಅಪ್ಪನ ಸುದ್ದಿ ಮಕ್ಕಳ ಕೈಲಿ ಕಳಿಸಬೇಡಿ ಅಂತ ಇಬ್ಬರಿಗೂ ಖಡಾಖಂಡಿತ ಹೇಳಿ.

ನಮ್ಮ ಗಡಿ ಎಲ್ಲಿ

ನಾವು ಡಾಕ್ಟರಲ್ಲ, ಅಕ್ಕ ತಂಗಿಯೂ ಅಲ್ಲ. ಗಮನಿಸುವುದು, ಕೇಳಿಸಿಕೊಳ್ಳುವುದು, ಸರಿಯಾದ ಕಡೆ ಕಳಿಸುವುದು, ಇಷ್ಟು ನಮ್ಮದು. ಫೋನಿಗೆ ಹೊತ್ತು ಹೇಳಿ. ರಾತ್ರಿ ಎತ್ತುವುದಿಲ್ಲ ಅಂದಮೇಲೆ, ಆ ಹೊತ್ತಿನಲ್ಲಿ ಯಾರಿಗೆ ಮಾಡಬೇಕು ಅನ್ನುವುದನ್ನೂ ಹೇಳಿಬಿಡಿ: 14416. ದಿನಾ ಇಂಥ ಕಥೆ ಕೇಳಿ ನಿಮಗೇ ನಿದ್ದೆ ಕೆಟ್ಟರೆ, ಮನೆಯವರ ಮೇಲೆ ರೇಗುವುದು ಜಾಸ್ತಿಯಾದರೆ, ಆ ನಂಬರ್ ನಿಮಗೂ ಇದೆ. ಹಿರಿಯರ ಹತ್ತಿರ ಮಾತಾಡಿ. ಒಂದೇ ವಾರದಲ್ಲಿ ಇಂಥ ಹೊಸ ಕೇಸುಗಳನ್ನು ಒಂದರ ಮೇಲೊಂದು ಹಿಡಿಯಬೇಡಿ.

ಇಷ್ಟೆಲ್ಲ ಓದಿದ ಮೇಲೆ ಈ ವಾರ ಒಂದು ಕೆಲಸ ಮಾಡಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ನೀವೇ ಹೋಗಿ ಮನೋವೈದ್ಯರ ವಿಭಾಗ ಎಲ್ಲಿದೆ, ಚೀಟಿ ಎಲ್ಲಿ ಮಾಡಿಸಬೇಕು, ಎಷ್ಟು ಹೊತ್ತಿಗೆ ಬರಬೇಕು ನೋಡಿಕೊಂಡು ಬನ್ನಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಸಾಮಾನ್ಯವಾಗಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರಿನಲ್ಲಿ ದಿನ ಖಚಿತ ಮಾಡಿಕೊಳ್ಳಿ. ಎಲ್ಲವನ್ನೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಬರೆದು ಜೆರಾಕ್ಸ್ ಮಾಡಿಸಿ ವಕಾಲತ್ತು ಫಾರಂ ಜೊತೆಗೇ ಇಡಿ. ಹಾಳೆಯ ಮೇಲೆ ನಿಮ್ಮ ಆಫೀಸಿನ ಹೆಸರಾಗಲಿ, ಡೈವೋರ್ಸ್ ಅನ್ನುವ ಪದವಾಗಲಿ ಬೇಡ, ಮನೆಯಲ್ಲಿ ಬೇರೆಯವರ ಕೈಗೆ ಸಿಗಬಹುದು. ಆರು ತಿಂಗಳಿಗೊಮ್ಮೆ ಹಾಳೆಯಲ್ಲಿರುವ ನಂಬರುಗಳು ಸರಿ ಇದೆಯಾ ಅಂತ ಪರೀಕ್ಷಿಸಿ. ಸಹಿ ಹಾಕಿಸಿಕೊಳ್ಳುವ ದಿನವೇ ಎಲ್ಲ ಕಕ್ಷಿದಾರರಿಗೂ ಕೊಡಿ. ಅತ್ತವರಿಗೂ, ಅಳದೆ ಕೂತವರಿಗೂ.